ಒಂದು ಮಗ್ಗುಲಿನ ಬೆಳಕು

ಬೀದರಿನ ಚೌಬಾರಾ ಹಿಂದಿನ ಓಣಿಯಲ್ಲಿ
ಬಾಡಿಗೆ ಕೋಣೆ ನನ್ನದು, ಕೆಳಗೆ ಬಿದರಿ ಕಾರಖಾನೆ.
ಅರ ಉಜ್ಜುವ ಸದ್ದಿನ ಮೇಲೆ ಕೂತು
ನಾಳಿನ ಪಾಠ ಬರೆಯುತ್ತೇನೆ:
ನಕ್ಷತ್ರದ ಮುಪ್ಪು.

ಒಡಲಿನ ಹೈಡ್ರೋಜನ್ ತೀರಿದ ಮೇಲೆ
ಅದು ಉಬ್ಬುತ್ತದೆ, ಕೆಂಪಾಗುತ್ತದೆ,
ಊಟ ಹೆಚ್ಚಾದ ಮುದುಕ ಗುಂಡಿ ಬಿಚ್ಚಿದ ಹಾಗೆ
ನಿಧಾನ, ಎಲ್ಲ ದಿಕ್ಕಿಗೂ ಸಮನಾಗಿ
ಉಸಿರು ಬಿಡುತ್ತ ಬಿಡುತ್ತ ಕರಗಬೇಕು.
ಒಂಟಿಯಾಗಿದ್ದರೆ.

ಮಗ್ಗುಲಲ್ಲೊಂದು ಕಿರಿದು ಇತ್ತೆನ್ನಿ:
ನಕ್ಷತ್ರವೆನ್ನಲು ಹಗುರ, ಗ್ರಹವೆನ್ನಲು ಭಾರ,
ತನ್ನದೊಂದು ಒಲೆ ಹೊತ್ತಿಸಲಾರದ್ದು.
ಉಬ್ಬಿದ ಒಡಲು ಅದನ್ನು ನುಂಗುತ್ತದೆ.
ನುಂಗಿದ್ದು ಸುಮ್ಮನಿರುವುದಿಲ್ಲ.
ಒಳಗೇ ಸುತ್ತುತ್ತ ಇಳಿಯುತ್ತದೆ,
ಇಳಿದಷ್ಟೂ ಕಡೆಯುತ್ತದೆ,
ಕಡೆದಷ್ಟೂ ಆ ಕೆಂಪು ಹೊದಿಕೆ
ಕಿತ್ತುಕೊಂಡು ಹೊರಗೆ ಹಾರುತ್ತದೆ.
ಲಕ್ಷಾಂತರ ವರ್ಷದ ಕೆಲಸ, ಕೆಲವೇ ವರ್ಷದಲ್ಲಿ.

ಕೆಳಗೆ ಉಸ್ತಾದ್ ಖಲೀಲುದ್ದೀನ್. ದೊಡ್ಡ ಆಳು, ದೊಡ್ಡ ಗಂಟಲು.
ಐವತ್ತು ವರ್ಷ ಅವರ ಹೂಜಿಗಳಲ್ಲಿ
ಎಳ್ಳಿನಷ್ಟು ಕಪ್ಪು ಖಾಲಿ ಬಿಟ್ಟದ್ದಿಲ್ಲ,
ಬಳ್ಳಿಗೆ ಬಳ್ಳಿ ಹೆಣೆದು ಬರೀ ಬೆಳ್ಳಿ.
ಮೆಹರಾಜ್‌ಬೀ ಬಂದದ್ದು ತೀರ ತಡವಾಗಿ,
ಕೋಟೆಯ ಮಣ್ಣು ತರಲು, ಎಣ್ಣೆ ಹಚ್ಚಿ ಒರೆಸಲು.
ದಿನಗೂಲಿ. ಬಾಗಿಲ ಬಳಿಯ ಮಣೆ.
ನಾಲಿಗೆಯ ತುದಿಗೆ ಮಣ್ಣಿಟ್ಟು
"ಇದು ಆಗಂಗಿಲ್ಲ" ಎಂದಳೆಂದರೆ
ಕಾಯಿಸಿದ ನವಸಾಗರ ತಣ್ಣಗಾಗುವವರೆಗೆ
ಎಲ್ಲರೂ ಕಾಯಬೇಕು, ಅವಳು ಮತ್ತೆ ಕೋಟೆಗೆ ಹೋಗಿ ಬರಬೇಕು.
ಒಂದು ದಿನ ಹೂಜಿಯನ್ನೇ ತಿರುಗಿಸಿ ನೋಡಿ ಕೇಳಿದಳಂತೆ:
"ಇಷ್ಟು ಬೆಳ್ಳಿ ಇದ್ರ ನನ್ನ ಮಣ್ಣು ಎಲ್ಲಿ ಕಾಣ್ತದ್ರಿ?"

ಆಮೇಲಿನ ಹೂಜಿಗಳನ್ನು ನೀವು ನೋಡಬೇಕು.
ಪೂರಾ ಕಪ್ಪು.
ಕೊರಳಿಂದ ಬುಡಕ್ಕೆ ಒಂದೇ ತಂತಿ,
ಕೂದಲೆಳೆಯಷ್ಟು, ಒಂಚೂರು ಓರೆ.
ಹೈದರಾಬಾದಿನ ವ್ಯಾಪಾರಿ
"ಉಸ್ತಾದರಿಗೆ ವಯಸ್ಸಾಯಿತು" ಎಂದು
ಅರ್ಧ ಬೆಲೆ ಕೇಳಿದ. ಇವರು ಚಹಾ ಕುಡಿಸಿ ಕಳಿಸಿದರು.

ತಡೆಯಲಾರದೆ ಅವಳಿಗೆ ನನ್ನ ಪಾಠ ಹೇಳಿದೆ.
ನಕ್ಕಳು. "ನಾ ಯಾಕ ಅವ್ರ ಹೊಟ್ಯಾಗ ಹೋಗ್ಲಿ ಮೇಡಂ?
ಸಂಜಿ ಆರಕ್ಕ ನನ್ನ ಮನಿಗಿ ನಾ ಹೋಗ್ತೀನಿ."

ಸರಿ. ಹೋಲಿಕೆ ಅಲ್ಲಿಗೆ ಹರಿಯಿತು.
ಪಾಠ ಮಾತ್ರ ಮುಗಿಸಬೇಕಲ್ಲ:

ಹೊದಿಕೆ ಹೋದ ಮೇಲೆ ಉಳಿಯುವುದು
ಬರಿಮೈಯ ತಿರುಳು, ನೀಲಿ, ತೀರ ಬಿಸಿ.
ಜೊತೆಗೆ, ಬದುಕಿದ್ದರೆ, ಆ ಕಿರಿದು,
ಎರಡು ಗಂಟೆಗೊಂದು ಸುತ್ತು.
ಯಾವ ದುರ್ಬೀನಿಗೂ ಅದು ಬೇರೆಯಾಗಿ ಕಾಣದು.
ತಿರುಳಿನ ಕಡೆಗಿನ ಒಂದು ಮಗ್ಗುಲು ಮಾತ್ರ
ಕಾದು ಬೆಳಗುತ್ತದೆ, ಬೆನ್ನು ಕತ್ತಲೆ.
ಸುತ್ತಿದಂತೆ ಬೆಳಕು ಒಂದಿಷ್ಟು ಏರುತ್ತದೆ,
ಒಂದಿಷ್ಟು ಇಳಿಯುತ್ತದೆ.
ಇದೆ ಎನ್ನಲು ನಮಗೆ ಸಿಗುವುದು ಅಷ್ಟೇ.

ಪೆನ್ನು ಮುಚ್ಚಿದೆ. ಎಂಟೂವರೆ.
ಅರದ ಸದ್ದು ಎಂದೋ ನಿಂತಿದೆ.
ಕೆಳಗೆ ಬಟ್ಟೆಯಿಂದ ಯಾರೋ ಒರೆಸುತ್ತಿದ್ದಾರೆ,
ನಿಲ್ಲಿಸಿ, ತಿರುಗಿಸಿ,
ಮತ್ತೆ.