ರಚ್ಚು

ಪಾಂಡವಪುರದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬರುತ್ತದೆ ರಚ್ಚು,
ಹಿಂಡಿ, ತಿರುವಿ ಹಾಕಿ ಮತ್ತೆ ಹಿಂಡಿ, ಗಾಣ ಉಗುಳಿದ್ದು.
ಹಗುರ. ಮುಟ್ಟಿದರೆ ಬೆರಳಿಗೆ ಸಿಬಿರು.
ಮಂಡ್ಯದಾಚೆಯ ನಮ್ಮ ಶೆಡ್ಡಿನ ಮುಂದೆ ಸುರಿದು
ಡ್ರೈವರು ಪ್ರತಿ ಸಲ ಕೇಳುತ್ತಾನೆ:
'ಇದ್ರಲ್ಲೇನೈತೆ ಮೇಡಂ, ಎಮ್ಮೆನೂ ಮೂಸಾಕಿಲ್ಲ.'

ಇದೆ. ಬಿಳಿ ಹಲಗೆಯ ಮೇಲೆ ಬರೆದಿಟ್ಟಿದ್ದೇನೆ.
ನೂರು ಕಿಲೋ ಒಣ ರಚ್ಚಿಗೆ
ನಲವತ್ತು ಚಿಲ್ಲರೆ ಸೆಲ್ಯುಲೋಸು,
ಇಪ್ಪತ್ತೈದು ಅದರ ತಮ್ಮ, ಬೇಗ ಕರಗುವವನು,
ಇಪ್ಪತ್ತೆರಡು ಲಿಗ್ನಿನ್ನು.
ಉಳಿದದ್ದು ಬೂದಿ, ಗದ್ದೆ ಮಣ್ಣು,
ಒಮ್ಮೊಮ್ಮೆ ಯಾರದೋ ಬೀಡಿ ತುಂಡು.

ಇಟ್ಟಿಗೆಯೆಲ್ಲ ಸಕ್ಕರೆಯದು, ಗಾರೆ ಮಾತ್ರ ಲಿಗ್ನಿನ್ನಿನದು.
ಆಷಾಢದ ಗಾಳಿಗೆ ಜಲ್ಲೆ ಮಲಗದಂತೆ ನಿಲ್ಲಿಸಿದ ಗಾರೆ.
ಗೋಡೆ ಕೆಡವಬೇಕು, ಇಟ್ಟಿಗೆ ಒಡೆಯಬಾರದು:
ನನ್ನ ಕೆಲಸ ಇಷ್ಟೇ.

ಜವರಾಯಿ ಇಲ್ಲಿ ರಚ್ಚು ತುಂಬುವವನು.
ಅದಕ್ಕೆ ಮುಂಚೆ ನಲವತ್ತು ವರ್ಷ ಆಲೆಮನೆಯ ಒಲೆಬಾಯಿಯಲ್ಲಿ
ಇದನ್ನೇ ತುಂಬುತ್ತಿದ್ದ. ಎಡಹುಬ್ಬು ಅಂದು ಸುಟ್ಟದ್ದು
ಮತ್ತೆ ಬರಲಿಲ್ಲ.

ಮಂಗಳವಾರ. ನೂರತೊಂಬತ್ತು ಡಿಗ್ರಿ, ಹತ್ತು ನಿಮಿಷ.
ಕವಾಟ ತೆಗೆದರೆ ಧಡ್ ಎಂದು ರಚ್ಚು ಸಿಡಿದು
ಕಂದು ಮುದ್ದೆಯಾಗಿ ಬಿತ್ತು,
ಪಕ್ಕದ ರೇಷ್ಮೆ ಮನೆಯ ನಾಯಿ ಬೊಗಳಿತು.
ಮುಳ್ಳು ಸರಿ, ಗಡಿಯಾರ ಸರಿ.
ಜವರಾಯಿ ಮೂಗು ಅರಳಿಸಿದ:
'ಹದ ಮೀರ್ತು ಕನವ್ವ. ಅಡಿ ಹತ್ತಿದ ವಾಸ್ನೆ.'
ಇಲ್ಲಿ ಅಡಿಯೇ ಇಲ್ಲ, ಎಲ್ಲ ಹಬೆ, ಎಂದೆ.
ಅವನು ಟೀ ಕುಡಿಯಲು ಹೋದ.

ಕಿಣ್ವ ಹಾಕಿ ಮೂರು ದಿನ, ಐವತ್ತು ಡಿಗ್ರಿಯಲ್ಲಿ ಜೋಪಾನ.
ಸಕ್ಕರೆ ಬಿಟ್ಟುಕೊಂಡಿತು. ಯೀಸ್ಟು ಬಿಟ್ಟೆ.
ಒಂದು ರಾತ್ರಿ. ಎರಡು.
ದೋಸೆ ಹಿಟ್ಟು ಪಾತ್ರೆ ದಾಟುವ ಸೆಖೆಯಲ್ಲೂ
ಒಂದು ಗುಳ್ಳೆ ಏಳಲಿಲ್ಲ.
ಶುಕ್ರವಾರ ಮಿಷನ್ನು ಕಾಗದದ ಮೇಲೆ
ಬರಬಾರದ ಕಡೆ ಒಂದು ಗುಡ್ಡ ಗೀಚಿತು, ಫರ್ಫ್ಯುರಲ್.
ಬೇಗ ಕರಗುವ ತಮ್ಮ
ಬೆಂದು ಬೆಂದು ವಿಷವಾಗಿದ್ದ.

ಸೋಮವಾರ ಕವಾಟಕ್ಕೆ ಕೈಯಿಟ್ಟು
ಗಡಿಯಾರ ಬಿಟ್ಟು ಅವನ ಮೂಗು ನೋಡುತ್ತ ನಿಂತೆ.
ಸಣ್ಣ ಕೊಳವೆಯಲ್ಲಿ ಸುಳಿವ ಹಬೆಗೆ ಮುಖವೊಡ್ಡಿ
ಅವನು ಕಣ್ಣು ಮುಚ್ಚಿದ್ದ, ಪಾಕ ನೋಡುವವರ ಹಾಗೆ.
'ವಸಿ ತಡಿ.'
'ವಸಿ.'
'ಇಳ್ಸು.'

ಆರು ನಿಮಿಷ ಇಪ್ಪತ್ತು ಸೆಕೆಂಡು.
ಕಾರಣ ಎಂಬ ಕಾಲಮ್ಮಿನಲ್ಲಿ ಏನು ಬರೆಯುವುದೋ ತಿಳಿಯದೆ
ಜ.ರಾ. ಎಂದು ಬರೆದೆ.
ಆ ವಾರ ಜಾಡಿ ನೊರೆಗಟ್ಟಿದಾಗ ಬೆಳಗಿನ ಜಾವ ನಾಲ್ಕು,
ಒಬ್ಬಳೇ ಇದ್ದೆ, ಯಾರಿಗೂ ಫೋನು ಮಾಡಲಿಲ್ಲ.

ಸಕ್ಕರೆ ನೀರನ್ನು ನೆಕ್ಕಬಾರದೆಂದು ಗೋಡೆಯ ಮೇಲೆ ಬೋರ್ಡಿದೆ.
ಜವರಾಯಿ ನೆಕ್ಕಿದ.
'ಸಪ್ಪೆ. ಬೆಲ್ಲದ ಮುಂದೆ ಇದೇನು,' ಅಂದ.
ಆಮೇಲೆ ಸುಮ್ಮನಾದ. ಆಮೇಲೆ ನಕ್ಕ:
'ಅಲ್ಲ, ನಲವತ್ತು ವರ್ಸ
ಸಕ್ರೆ ಸುಟ್ಟಾಕಿ ಬೆಲ್ಲ ಬೇಯ್ಸಿವ್ನಾ ನಾನು?'
ಹೂಂ ಎನ್ನಲು ಬಾಯಿ ಬರಲಿಲ್ಲ. ತಲೆಯಾಡಿಸಿದೆ.

ಸೋಸಿದ ಬಟ್ಟೆಯಲ್ಲಿ ಉಳಿದಿತ್ತು ಲಿಗ್ನಿನ್ನು,
ಒಣಗಿಸಿದರೆ ಕಾಫಿ ಪುಡಿಯ ಬಣ್ಣ.
ಒಂದು ಬೊಗಸೆ ಪೇಪರಿನಲ್ಲಿ ಕಟ್ಟಿಕೊಂಡು
ರಸ್ತೆ ದಾಟಿ ಹೊಂಬಾಳಮ್ಮನ ಟೀ ಒಲೆಗೆ ಎರಚಿದ.
ಮೊದಲು ಹೊಗೆ, ಅವಳ ಬೈಗುಳ,
ಆಮೇಲೆ ಉರಿ, ಹಳದಿ, ಅಲುಗದೆ.
ಬಗ್ಗಿ ನೋಡಿದ, ಹುಬ್ಬಿಲ್ಲದ ಕಡೆಯಿಂದ.
'ಸಿಹಿ ನೀನಿಟ್ಕೊ,' ಎಂದ. 'ಇದು ನಂಗೆ ಗುರ್ತು.'