ಬಿಳಿಕುದುರಿ, ಕೆಂಪು ಬಸ್ಸು

ನೀರು ಕಾದಾವ. ಆಕಿ ಮಂಚ ಬಿಟ್ಟು ಏಳವಲ್ಲಳು.
ಮೂವತ್ತೊಂದು ವರ್ಷ ಮಂದೀನ ಹತ್ತಿಸಿ ಇಳಿಸಿದ ಕಂಡಕ್ಟರ್ ನಾ,
ಒಬ್ಬಾಕೀನ ಮಂಚದಿಂದ ಬಚ್ಚಲತನ
ಒಯ್ಯಾಕ ಆಗಲಿಲ್ಲ ನನಗ.
ಹನ್ನೆರಡ ಹೆಜ್ಜಿ. ಎಣಿಸೀನಿ.

"ಯಾವೂರವಪಾ ನೀ? ಕೈ ಬಿಡು" ಅಂತಿದ್ಲು,
ಚರಿಗಿ ಕಂಡರ ಹಾವು ಕಂಡಂಗ ಹಿಂದ ಸರೀತಿದ್ಲು.
ಸೊಸಿ ನೀಲಗಂಗಾ ಸಾಲಿ ಬಿಸಿಯೂಟಕ್ಕ ಎಂಟಕ್ಕ ಹೋಗಾಕಿ.
ಮುಂದಿಂದು ನಂದು: ಜಳಕ, ಹೆರಳು, ಗಂಜಿ, ಗುಳಿಗಿ.
ನಾ ಬೈದೆ. ರಮಿಸಿದೆ.
ಒಂದಿನ ಬಚ್ಚಲದಾಗ ಒಬ್ಬನ ನಿಂತು ಅತ್ತೆ,
ಬಿಸಿನೀರು ತಣ್ಣಗಾಗೂತನ.

ಹಿಂದಿನ ಮನಿ ಹುಸೇನಬಿ ಗ್ವಾಡಿ ಮ್ಯಾಲಿಂದ ಅಂದ್ಲು:
"ಭಾವಾ, ದಾನವ್ವಗ ಮಾತು ಬ್ಯಾಡ, ಹಾಡು ಬೇಕು.
ಒಂದ ಕಲ್ಲಿನ ಗೂಟ ಹಿಡದು
ಹದಿನೈದು ವರ್ಷ ಬೀಸೀವಿ ನಾವಿಬ್ಬರೂ.
ನಿನಗೇನು ಗೊತ್ತು? ನೀ ತಾಳಿಕೋಟಿ ಡಿಪೋಕ್ಕ ಹೋಗಿರತಿದ್ದಿ."

ಹೋಗಿರತಿದ್ದೆ. ಖರೆ. ನಸುಕಿನ ಗಾಡಿ.
ಆಕಿ ದನಿ ತೆಗೆಯೂ ಹೊತ್ತಿಗೆ
ನಾ ಬಾಗೇವಾಡ್ಯಾಗ ಚಿಲ್ಲರ ಹುಡುಕತಿದ್ದೆ.
ಆ ಹಿಟ್ಟಿನ ರೊಟ್ಟಿ ಉಂಡೀನಿ,
ಆ ಹಾಡು ಕೇಳಿದ್ದಿಲ್ಲ.

ಹುಸೇನಬಿ ಕಲಿಸಿದ್ಲು. ಫೀ: ದಿನಕ್ಕೆರಡು ಎಲಿ, ಅರ್ಧ ಅಡಿಕಿ.
ಗ್ವಾಡಿ ಆಚಿ ಆಕಿ, ಈಚಿ ನಾ,
ಹಳೇ ವೇಬಿಲ್ ಹಿಂದ ಪೆನ್ಸಿಲ್‌ಲೆ ಬರಕೋತ.
ಓಣಿ ಹುಡುಗೂರು ನಕ್ಕವು. ನಗಲಿ.

ಎಳ್ಳಿನ ಹೊಲದಾಗ ಗಾಳಿ ಬೀಸತಾದ
ಕರಿಯಾಕ ಬಂದಾನ ನಮ್ಮಣ್ಣ, ಹಟ್ಟಿಮುಂದ
ಬಿಳಿಕುದುರಿ ಕಟ್ಯಾನ ಬೇವೀಗಿ.

ಎರಡನೇ ಸಾಲಿಗೆ ಆಕಿ ಪಾದ ನೆಲಕ್ಕ ಬಂದವು.
ನನಗ ಗಾಬರಿ. ಮೂರನೇದು ಮರತೇ ಹೋತು.
ಬಾಯಿಗೆ ಬಂದದ್ದು ಅಂದೆ:
ಕೆಂಪಬಸ್ಸ ಕಟ್ಯಾನ ಬೇವೀಗಿ.

"ಥೂ ನಿನ್ನ! ಕುದುರಿ! ಬಿಳಿಕುದುರಿ!
ಬೇವಿಗೆ ಯಾರರ ಬಸ್ ಕಟ್ಟತಾರೇನೋ ಖೋಡಿ?"
ಉಳಿದ ನಾಕು ಹಲ್ಲೂ ಕಾಣೂವಂಗ ನಕ್ಕಳು.
ನಗೂದ್ರಾಗ ಎರಡು ತಂಬಿಗಿ ನೀರು ಬೆನ್ನ ಮ್ಯಾಲ ಬಿದ್ದಿತ್ತು.

ಅವತ್ತಿಂದ ದಿನಾ ಒಂದು ತಪ್ಪು ತಯಾರು ಮಾಡಿ ತರತೀನಿ.
ಕುದುರಿ ಒಮ್ಮೆ ಒಂಟಿ ಆಗತದ, ಒಮ್ಮೆ ಟ್ರ್ಯಾಕ್ಟರ್,
ಅಣ್ಣ ಹೋಗಿ ಪೋಲೀಸಪ್ಪ ಬರತಾನ ಕರಿಯಾಕ.
ಆಕಿ ತಿದ್ದತಾಳ, ತೊಡಿಗೆ ಹೊಡದು ತಾಳ ಕಲಿಸತಾಳ.
ನನ್ನ ಹೆಸರು ಗೊತ್ತಿಲ್ಲ ಆಕಿಗೆ,
ನನ್ನ ತಪ್ಪು ಬರೋಬ್ಬರಿ ಗೊತ್ತದ.
ಜಗಳ ಮುಗಿಯೂದ್ರಾಗ ಹೆರಳು ಮುಗದಿರತದ,
ಗುಳಿಗಿ ಗಂಟಲಾಗ ಇಳದಿರತದ.

ಎಲ್ಲಾ ದಿನಾ ಹಿಂಗಲ್ಲ.
ಹೋದ ಮಂಗಳವಾರ ಚರಿಗಿ ಒಗದ್ಲು,
ನನ್ನ ಹುಬ್ಬು ಒಡೀತು. ಹಾಡಿದೆ, ಕಿವಿ ಮುಚಗೊಂಡ್ಲು.
ಜಳಕ ಇಲ್ಲ ಅವತ್ತು. ಆಕಿಗೂ, ನನಗೂ.

ಮತ್ತ ನಿನ್ನಿ, ಎಣ್ಣಿ ತಿಕ್ಕೂವಾಗ,
ನಾ ಬಾಯಿ ತೆಗಿಯೂದಕ್ಕೂ ಮೊದಲ,
ಸಣ್ಣ ದನೀಲೆ ತಾನ ತೆಗದ್ಲು:

ಬಸ್ಸಿನ್ಯಾಗ ಬಂದಾನ ಒಡಕ ದನಿಯವನ
ತಾಳ ತಪ್ಪಿದರ ತಪ್ಪಲಿ, ಹೋದೇನ
ಅವನ ಬೆನ್ನ ಹಿಂದ ಬಚ್ಚಲಕ.

ಗ್ವಾಡಿಗೆ ಓಡಿದೆ. ಹುಸೇನಬಿ ಎಲಿ ಅಗಿಯೂದು ನಿಲ್ಲಿಸಿದ್ಲು.
"ಇದು ನಮ್ಮ ಹಾಡಿನಾಗ ಇಲ್ಲ ಭಾವಾ.
ಎಲ್ಲೂ ಇಲ್ಲ. ಈಗ ಕಟ್ಯಾಳ."

ಇವತ್ತು ಕೇಳಿದೆ: "ನಿನ್ನಿ ಹಾಡು ಇನ್ನೊಮ್ಮೆ ಅನ್ನು."
"ಯಾವ ಹಾಡಪಾ? ಯಾವೂರು ನಿಂದು?"
ತಾಳಿಕೋಟಿ ಅಂದೆ.
"ಹೌದಾ? ನನ್ನ ಕೊಟ್ಟ ಊರೂ ಅದ" ಅಂದ್ಲು.

ವೇಬಿಲ್ ಹಿಂದ ಬರದು ಇಟ್ಟೀನಿ ಮೂರೂ ಸಾಲು.
ನೀರು ಕಾದಾವ. ಇವತ್ತಿನ ತಪ್ಪು ಇನ್ನೂ ಹೊಳದಿಲ್ಲ.