ಹೆಸರಿಡುವುದು

ಶಿವಮೊಗ್ಗದ ತರಬೇತಿ ಹಾಲಿನಲ್ಲಿ ಎರಡು ದಿನ.
ಫ್ಯಾನು ತಿರುಗುತ್ತಿತ್ತು, ಗಾಳಿ ಇರಲಿಲ್ಲ.
ಡಾಕ್ಟರ್ ಹುಡುಗಿ, ಸಹನಾ ಮರಿಗೌಡರ್ ಅಂತ,
ಬಿಳಿ ಹಲಗೆಯ ಮೇಲೆ ಮಿದುಳು ಬರೆದಳು,
ಸುಲಿದ ಹುಣಸೆಹಣ್ಣಿನ ಹಾಗಿತ್ತು.
"ಹಣೆಯ ಹಿಂದೆ ಒಬ್ಬ ಮ್ಯಾನೇಜರು.
ಒಳಗೆ, ಆಳದಲ್ಲಿ, ಬಾದಾಮಿಯಷ್ಟು ಒಬ್ಬ ವಾಚ್‌ಮನ್ನು.
ಹಾವೋ ಹಗ್ಗವೋ ನೋಡುವ ಮೊದಲೇ
ಇವನು ಸೀಟಿ ಊದುತ್ತಾನೆ,
ಕೇಳಿದ್ದೇ ತಡ, ಅವನು ಕುರ್ಚಿ ಬಿಟ್ಟು ಓಡುತ್ತಾನೆ."
"ನಮ್ಮ ಡಿಪೋದಲ್ಲೂ ಹಂಗೇಯ ಮೇಡಂ," ಅಂದ
ಹಿಂದಿನ ಸಾಲಿನಿಂದ ಟಯರ್ ಸೆಕ್ಷನ್ನಿನ ಈರೇಶಿ.
ನಕ್ಕೆವು. ಮ್ಯಾನೇಜರ್ ಸಾಹೇಬರೂ, ಸ್ವಲ್ಪ ತಡವಾಗಿ.

ಕೊನೆಗೆ ಅವಳಂದಳು:
ಒಳಗೆ ಏಳುವುದಕ್ಕೆ ಒಂದು ಹೆಸರಿಡಿ,
ಹೆಸರಿಟ್ಟರೆ ಅರ್ಧ ಇಳಿಯುತ್ತದೆ.

ಹೆಸರಿಡುವುದನ್ನು ನನಗೆ ಹೇಳಿಕೊಡಬೇಕೆ?
ಸಾಗರ ಡಿಪೋದಲ್ಲಿ ಹನ್ನೆರಡು ವರ್ಷದಿಂದ ಕಂಟ್ರೋಲರು.
ತಡವಾಗಿ ಬಂದವನಿಗೆ, ಡೀಸೆಲ್ ಹೆಚ್ಚು ಕುಡಿಸಿದವನಿಗೆ,
ಶರಟಿನ ಗುಂಡಿ ಹರಿದವನಿಗೆ, ಗುಂಡಿ ಇದ್ದವನಿಗೂ
ಹೆಸರಿಟ್ಟೇ ಬಂದವಳು.
ನನ್ನ ಕಿಟಕಿಗೂ ಅವರೊಂದು ಹೆಸರಿಟ್ಟಿದ್ದಾರೆ.
ಗೊತ್ತು. ಗೊತ್ತಿಲ್ಲದ ಹಾಗೆ ಇದ್ದೇನೆ.

ಎರಡು ತಿಂಗಳ ಹಿಂದೆ ಬರ್ಮಪ್ಪನಿಗೆ ಬೈದಿದ್ದೆ.
ಐದೂ ಹತ್ತರ ಕುಂದಾಪುರ ಗಾಡಿ.
ಇನ್ನೂ ಕತ್ತಲು, ಎಂಜಿನ್ನುಗಳ ಹೊಗೆ, ಹತ್ತು ಜನರೆದುರು
"ಮನೇಲಿ ಹೆಂಡ್ತಿ ಎಬ್ಬಿಸಲ್ವಾ?" ಅಂದಿದ್ದೆ.
ಅವನು ಮಾತಾಡದೆ ಲಾಗ್‌ಶೀಟು ತಗೊಂಡ.
ನಾನು ಮರೆತು ಚಹಾ ಕುಡಿದೆ.
ಮಾತು ಮರೆಯಲಿಲ್ಲ. ಟಿಕೆಟ್ಟಿಲ್ಲದೆ ಬಸ್ಸು ಹತ್ತಿತು,
ಹೊಸನಗರ ದಾಟಿತು, ನಗರ ದಾಟಿತು,
ಹುಲಿಕಲ್ಲಿನ ತಿರುವುಗಳಲ್ಲಿ
ಅವನ ಬೆನ್ನಿಗೇ ಆತು ನಿಂತಿತು.
ಘಾಟಿಯ ಚಂಡಿಕಮ್ಮನಿಗೆ
ದಿನಾ ನಿಲ್ಲಿಸಿ ನಾಣ್ಯ ಹಾಕುವವನು
ಅವತ್ತು ನಿಲ್ಲಿಸಲಿಲ್ಲವಂತೆ.
ಸಂಜೆ ಕ್ಯಾಶ್ ಕಟ್ಟುತ್ತಾ ಕಂಡಕ್ಟರ್ ನಸೀಮಾ ಹೇಳಿದಳು,
ಚಿಲ್ಲರೆ ಎಣಿಸುತ್ತಲೇ, ನನ್ನ ಮುಖ ನೋಡದೆ:
"ನಲವತ್ತೊಂಬತ್ತು ಸೀಟೂ ಭರ್ತಿ ಮೇಡಂ. ನಾನು ಸೇರಿ ಐವತ್ತು."

ತರಬೇತಿ ಮುಗಿದ ಸೋಮವಾರ
ಮತ್ತೆ ಬರ್ಮಪ್ಪ. ಹದಿನಾಲ್ಕು ನಿಮಿಷ ತಡ.
ಕಿವಿ ಬಿಸಿಯಾಯಿತು. ನಾಲಿಗೆಯ ತುದಿಯಲ್ಲಿ
ಹಳೆಯ ಮಾತೇ, ಹೊಸದಾಗಿ ಸಾಣೆ ಹಿಡಿದು.
ಹೆಸರಿಡು, ಅಂದುಕೊಂಡೆ. ಸಿಟ್ಟು, ಅಂದುಕೊಂಡೆ.
ಇಳಿಯಲಿಲ್ಲ.
ತಪ್ಪು ಹೆಸರು ಕೂಗಿದರೆ ಯಾರು ತಿರುಗಿ ನೋಡುತ್ತಾರೆ?
ಇನ್ನೊಮ್ಮೆ ಕೈ ಹಾಕಿದೆ,
ಬ್ಯಾಗಿನ ತಳದಲ್ಲಿ ಬೀಗದ ಕೈ ತಡಕುವಂತೆ.
ಸಿಕ್ಕಿದ್ದು ಭಯ.
ಒಂಬತ್ತಕ್ಕೆ ಮೇಲಿನಿಂದ ಬರುವ ಫೋನಿನ ಭಯ,
ಚಾರ್ಟಿನ ಕೆಂಪು ಗೆರೆಯ ಭಯ.

"ನಂಗೆ ಹೆದರಿಕೆ ಆಗ್ತಿದೆ ಬರ್ಮಪ್ಪ,"
ಬಾಯಿಂದ ಬಿದ್ದೇ ಹೋಯಿತು.
ಕೆಟ್ಟು ನಿಂತ ಗಾಡಿಯ ಬಾನೆಟ್ಟು ನೋಡುವಂತೆ
ಅವನು ನನ್ನ ನೋಡಿದ. ಟೋಪಿ ತೆಗೆದ.
"ಮೂರು ರಾತ್ರಿ ಆತು ಮೇಡಂ, ಕಣ್ಣು ಮುಚ್ಚಿಲ್ಲ."
ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ.
ಅದನ್ನು ಆ ಹುಡುಗಿ ಹೇಳಿಕೊಟ್ಟಿರಲಿಲ್ಲ.

ರಿಸರ್ವಿನಲ್ಲಿದ್ದ ಡಿಸೋಜನನ್ನು ಎಬ್ಬಿಸಿ ಘಾಟಿಗೆ ಕಳಿಸಿದೆ.
ಬರ್ಮಪ್ಪ ವಿಶ್ರಾಂತಿ ಕೋಣೆಯಲ್ಲಿ, ಬೂಟು ಬಿಚ್ಚದೆ,
ಗೋಡೆಗೆ ಮುಖ ಮಾಡಿ ಮಲಗಿದ.
ಕುಂದಾಪುರ ಗಾಡಿ ಮೂವತ್ತೆಂಟು ನಿಮಿಷ ತಡ.
ಒಂಬತ್ತಕ್ಕೆ ಫೋನು ಬಂತು. ಗುರುವಾರ ಮೆಮೋ ಬಂತು:
ಮೂರು ದಿನದೊಳಗೆ, ಕಾರಣ, ಲಿಖಿತವಾಗಿ.
ಏನು ಬರೆಯಲಿ?
ಬಾದಾಮಿ ಅಂತಲೇ? ಸೀಟಿ ಅಂತಲೇ?
"ಚಾಲಕನಿಗೆ ನಿದ್ದೆ ಇರಲಿಲ್ಲ, ನನಗೆ ಧೈರ್ಯ ಇರಲಿಲ್ಲ"
ಎಂದು ಬರೆದು, ಎರಡನೆಯದನ್ನು ಹೊಡೆದು ಹಾಕಿ
ಸಹಿ ಮಾಡಿದೆ.

ಬರ್ಮಪ್ಪ ಥ್ಯಾಂಕ್ಸ್ ಅಂತೆಲ್ಲ ಹೇಳುವ ಪೈಕಿ ಅಲ್ಲ.
ಹತ್ತು ದಿನ ಬಿಟ್ಟು, ಐದಕ್ಕೇ ಬಂದು,
ಲಾಗ್‌ಶೀಟು ತಗೊಂಡ ಮೇಲೂ ಕಿಟಕಿಯಲ್ಲೇ ನಿಂತ.
ನನ್ನ ತಲೆಯ ಮೇಲಕ್ಕೆ ನೋಡಿದ.
"ಒಂದು ಮಾತು ಮೇಡಂ. ನಿಮ್ಮ ಗಡಿಯಾರ
ಎರಡು ನಿಮಿಷ ಮುಂದೈತೆ.
ನೀವು ಬಂದಾಗಿಂದ್ಲೂ."

ಸ್ಟೂಲು ಹತ್ತಿ ಇಳಿಸಿದೆ. ಹೌದು.
ಮುಳ್ಳು ಹಿಂದಕ್ಕೆ ತಿರುಗಿಸುವಾಗ
ಹನ್ನೆರಡು ವರ್ಷದ ಎರಡೆರಡು ನಿಮಿಷ
ಯಾರ್ಯಾರಿಗೆ ವಾಪಸು ಕೊಡಲಿ, ತಿಳಿಯಲಿಲ್ಲ.